ಮೆಚ್ಚುಗೆಯ ಮಾತು

ಶ್ರೀಮದ್ವಾಲ್ಮೀಕಿರಾಮಾಯಣದ ಕಿಷ್ಕಿಂಧಾಕಾಂಡ, 3ನೆಯ ಸರ್ಗ. ಭಿಕ್ಷುವೇಷದಿಂದ ಬಂದ ಹನುಮಂತದೇವರ ಮಾತನ್ನು ಕೇಳಿ ಶ್ರೀರಾಮಚಂದ್ರನು ಲಕ್ಷ್ಮಣನ ಮುಂದೆ ಶ್ಲಾಘಿಸುತ್ತಾನೆ. ‘ಚೆನ್ನಾಗಿ ಮಾತನಾಡಿದನು’ ಎಂದಷ್ಟೇ ಹೇಳಿ ಮುಗಿಸುವುದಿಲ್ಲ. ಇವನು ವ್ಯಾಕರಣವನ್ನು ಸಮಗ್ರವಾಗಿ ಅಭ್ಯಸಿಸಿದವನು. ಒಂದು ಅಪಶಬ್ದವೂ ಇಲ್ಲ. ಕಣ್ಣು ಹುಬ್ಬುಗಳಲ್ಲಿ ವಿಕಾರವಿಲ್ಲ. ಮಾತು ಅತಿವಿಸ್ತಾರವಲ್ಲ, ವಿಳಂಬವೂ ಅಲ್ಲ ಎಂದು ಗುಣಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಯುದ್ಧಕಾಂಡದ ಆರಂಭದಲ್ಲಿ, ಸೀತಾದೇವಿಯ ವಾರ್ತೆಯನ್ನು ತಂದ ಅದೇ ಹನುಮಂತದೇವರಿಗೆ ಆಲಿಂಗನವನ್ನೇ ತನ್ನ ಸರ್ವಸ್ವವೆಂದು ಅನುಗ್ರಹಿಸುತ್ತಾನೆ. ಪರಿಪೂರ್ಣನಾದ ಸ್ವಾಮಿಯೇ ಸೇವಕನ ಗುಣವನ್ನು ಹೀಗೆ ಎತ್ತಿ ಹೇಳಿರುವಾಗ ನಮಗೇಕೆ ಕಾರ್ಪಣ್ಯ?

ದ್ವಾದಶಿಯ ನಸುಕಿನಲ್ಲಿ, ತಾವೂ ಉಪವಾಸವಿದ್ದು, ಮಡಿಯುಟ್ಟು ಪಾರಣೆಯ ಅಡಿಗೆ ಮಾಡುತ್ತಿದ್ದ ನಮ್ಮ ತಾಯಿಯವರಿಗೆ ನಾವು ಹೇಳುತ್ತಿದ್ದುದು ಒಂದೇ ಮಾತು: ‘ಸಾರಿಗೆ ಉಪ್ಪು ಕಡಿಮೆ.’ ಉಪ್ಪು ಸರಿಯಾಗಿದ್ದ ದಿನ ಮೌನವಾಗಿ ಉಂಡೇಳುತ್ತಿದ್ದೆವು. ಇಂದು ಹೇಳಬೇಕೆಂದರೆ ಕೇಳಲು ಅವರಿಲ್ಲ.

ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮೆಚ್ಚಿದುದನ್ನು ಮೆಚ್ಚಿದಾಗಲೇ ಹೇಳಬೇಕು. ಯಾವ ಕೆಲಸ, ಯಾವ ಗುಣ ಎಂಬುದನ್ನು ಬಿಡಿಸಿ ಹೇಳಬೇಕು. ಸಾಧ್ಯವಾದರೆ ಶ್ರೀರಾಮನಂತೆ ನಾಲ್ವರ ಮುಂದೆ ಹೇಳಬೇಕು. ಇಲ್ಲದ ಗುಣವನ್ನು ಹೇಳಬಾರದು. ಅದು ಮುಖಸ್ತುತಿ, ಹೇಳಿದವನಿಗೂ ಕೇಳಿದವನಿಗೂ ಕೇಡು. ಹೊಗಳಿಕೆಯಿಂದ ಅಹಂಕಾರ ಬೆಳೆದೀತೆಂಬ ಶಂಕೆ ಬೇಡ. ಕೇಳಿದವನು ಅದನ್ನು ತನ್ನೊಳಗಿದ್ದು ಮಾಡಿಸಿದ ಬಿಂಬರೂಪಿ ಶ್ರೀಹರಿಗೆ ಸಮರ್ಪಿಸಲಿ. ಸಮರ್ಪಿಸುವುದು ಅವನ ಧರ್ಮ; ಹೇಳುವುದು ನಮ್ಮ ಧರ್ಮ.

॥ ಶ್ರೀಕೃಷ್ಣಾರ್ಪಣಮಸ್ತು ॥