ಗಂಟೆಯಿಲ್ಲದ ದೇವಾಲಯದ ಶುಕ್ರವಾರಗಳು

ದೋಹಾದಲ್ಲಿ ಹುಟ್ಟಿದ ಮಗಳು ಮೊದಲ ಸಲ ಮಂಗಳೂರಿಗೆ ರಜೆಗೆ ಬಂದಿದ್ದಳು. ಭಾನುವಾರ ಬೆಳಿಗ್ಗೆ ದೇವಾಲಯದ ಗಂಟೆ ಬಾರಿಸಿದ್ದು ಕೇಳಿ, "ಇವತ್ತೂ ಶಾಲೆ ಇದೆಯಾ?" ಅಂದಳು. ಅವಳಿಗೆ ಗೊತ್ತಿರುವ ದೇವಾಲಯಕ್ಕೆ ಗಂಟೆಯಿಲ್ಲ, ಗೋಪುರವಿಲ್ಲ, ಹೊರಗೋಡೆಯಲ್ಲಿ ಶಿಲುಬೆಯೂ ಇಲ್ಲ. ಅಲ್ಲಿಗೆ ಹೋಗುವುದು ಶುಕ್ರವಾರ. ಕತಾರಿನಲ್ಲಿ ಭಾನುವಾರವೆಂದರೆ ಕೆಲಸದ ದಿನ.

ಆ ದೇವಾಲಯ ಇರುವುದು ಊರ ದಕ್ಷಿಣಕ್ಕೆ, ಅಬು ಹಮೂರ್ ಪಕ್ಕದ ಮೆಸೈಮೀರ್‌ನಲ್ಲಿ. ಆಗಿನ ಅಮೀರ್ ಶೇಖ್ ಹಮದ್ ಬಿನ್ ಖಲೀಫಾ ಅಲ್ ಥಾನಿ ಕೊಟ್ಟ ಜಾಗದಲ್ಲಿ 2008ರ ಮಾರ್ಚ್‌ನಲ್ಲಿ ಕ್ಯಾಥೋಲಿಕರ ರೋಸರಿ ಮಾತೆಯ ಇಗರ್ಜಿ ಪ್ರತಿಷ್ಠೆಯಾಯಿತು. ಅದೇ ಆವರಣದಲ್ಲಿ ಆಂಗ್ಲಿಕನ್ ಕೇಂದ್ರವಿದೆ. ಗ್ರೀಕ್, ಸಿರಿಯನ್, ಕಾಪ್ಟಿಕ್ ಆರ್ಥಡಾಕ್ಸ್ ದೇವಾಲಯಗಳಿವೆ. ಭಾರತದ ಹಲವು ಸಭೆಗಳು ಹಂಚಿಕೊಂಡ ಐಡಿಸಿಸಿ ಕಟ್ಟಡವಿದೆ. ಗೇಟಿನಲ್ಲಿ ಕಾವಲಿನವರು ಗುರುತಿನ ಚೀಟಿ ನೋಡುತ್ತಾರೆ. ಒಂದು ಸಭಾಂಗಣದಲ್ಲಿ ತಮಿಳು ಮುಗಿಯುವಷ್ಟರಲ್ಲಿ ಇನ್ನೊಂದು ಭಾಷೆಯವರು ಕೀಬೋರ್ಡ್ ಹಿಡಿದು ಬಾಗಿಲಲ್ಲಿ ಕಾಯುತ್ತಿರುತ್ತಾರೆ.

ಬೆಂಗಳೂರಿನಲ್ಲಿದ್ದಾಗ ನಾನು ಹೋಗುತ್ತಿದ್ದುದು ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್‌ಗೆ. 1866ರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರಿಗಾಗಿ ತೆರೆದ, ಗಡಿಯಾರದ ಗೋಪುರವಿರುವ ಕಟ್ಟಡ ಅದು. ಮನೆಯ ಬೇರು ಮಾತ್ರ ಮಂಗಳೂರಿನ ಬಾಸೆಲ್ ಮಿಷನ್ನಿನದು. ಎರಡೂ ಹೊಳೆಗಳು ಬಂದು ಸೇರಿದ್ದು ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿಎಸ್‌ಐಯಲ್ಲಿ. ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳು 1908ರಲ್ಲೇ ಒಂದಾಗಿದ್ದವು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥೋಡಿಸ್ಟರ ಜೊತೆ ಸೇರಿ ಸಿಎಸ್‌ಐ ಆಯಿತು. ಸಿಎಸ್‌ಐಯಲ್ಲಿ ಬಿಷಪ್ ಇದ್ದಾರೆ, ಸಭಾಪಾಲಕರನ್ನು ಕರೆಯುವುದು ಪ್ರೆಸ್ಬಿಟರ್ ಎಂದು. ಗ್ರೀಕಿನಲ್ಲಿ ಆ ಪದಕ್ಕೆ ಹಿರಿಯ ಎಂದರ್ಥ. ಪ್ರೆಸ್ಬಿಟೇರಿಯನ್ ನಂಬಿಕೆಯ ತಿರುಳು ಇರುವುದೂ ಅಲ್ಲೇ: ಸಭೆಯನ್ನು ನಡೆಸುವವರು ಸಭೆಯೇ ಆರಿಸಿದ ಹಿರಿಯರು, ರಕ್ಷಣೆ ದೇವರ ಕೃಪೆಯಿಂದ, ಯಾರ ಯೋಗ್ಯತೆಯಿಂದಲೂ ಅಲ್ಲ.

ಇದನ್ನೆಲ್ಲ ಬಾಯಿಪಾಠ ಮಾಡಿಕೊಂಡೇ ದೋಹಾಕ್ಕೆ ಬಂದಿದ್ದೆ. ಆದರೂ ಇಲ್ಲಿ ನಮ್ಮ ಸಭೆಯ ಬಾಗಿಲಲ್ಲಿ ನಿಂತು ಬಂದವರನ್ನು ಎದುರುಗೊಳ್ಳುವ ಕೆಲಸ ಸಿಕ್ಕಾಗ ನಾನು ಮೊದಲು ಕಲಿಯಬೇಕಾದ್ದನ್ನು ಬಹಳ ತಡವಾಗಿ ಕಲಿತೆ. ಹೊಸಬರು ಯಾರೇ ಬರಲಿ, "ಊರಲ್ಲಿ ಯಾವ ಸಭೆ ನಿಮ್ಮದು?" ಎಂದು ಕೇಳುತ್ತಿದ್ದೆ. ಅದನ್ನೇ ಪ್ರೀತಿ ಎಂದುಕೊಂಡಿದ್ದೆ. ಒಂದು ಶುಕ್ರವಾರ ಬೀದರ್ ಕಡೆಯ ಹುಡುಗ ಬಂದ. ಕಟ್ಟಡಗಳಿಗೆ ಅಟ್ಟಣಿಗೆ ಕಟ್ಟುವ ಕೆಲಸ. "ಮೆಥೋಡಿಸ್ಟ್ ರೀ" ಅಂದ. ಹಳ್ಳಿ ಯಾವುದು, ಸಭಾಪಾಲಕರು ಯಾರು ಎಂದು ಮುಂದುವರಿಸಿದೆ. ಹುಡುಗ ನೆಲ ನೋಡಿದ. ಆಮೇಲೆ ಎರಡು ತಿಂಗಳು ಬರಲೇ ಇಲ್ಲ.

ನನಗೆ ಬಿಡಿಸಿ ಹೇಳಿದ್ದು ಸಭೆಯ ಹಿರಿಯರೊಬ್ಬರು, ಮೂವತ್ತು ವರ್ಷ ಕೊಲ್ಲಿಯಲ್ಲೇ ಕಳೆದವರು. ನಮ್ಮ ಕಡೆ ಹಳ್ಳಿ, ಸಭೆ, ಮನೆತನ ಎಂದು ಕೇಳುತ್ತ ಹೋದರೆ ಕೊನೆಗೆ ಆ ಪ್ರಶ್ನೆ ಜಾತಿಯಲ್ಲಿ ಹೋಗಿ ನಿಲ್ಲುತ್ತದೆ. ಕೇಳಿಸಿಕೊಳ್ಳುವವನಿಗೆ ಅದು ಮೊದಲೇ ಗೊತ್ತಿರುತ್ತದೆ. ಕೃಪೆಯ ಬಗ್ಗೆ ಅಷ್ಟು ಓದಿದ ನಾನು ಬಾಗಿಲಲ್ಲೇ ಅರ್ಹತೆ ಪರೀಕ್ಷಿಸುತ್ತಿದ್ದೆ. ಆ ಹಿರಿಯರು ಕೇಳುತ್ತಿದ್ದುದು ಎರಡೇ ಪ್ರಶ್ನೆ: ಊಟ ಆಯಿತಾ? ವಾಪಸ್ ಹೇಗೆ ಹೋಗುತ್ತೀರಿ?

ಎರಡನೆಯ ಪ್ರಶ್ನೆಯ ತೂಕ ದೋಹಾದಲ್ಲಿದ್ದವರಿಗೆ ಮಾತ್ರ ಗೊತ್ತು. ಕಾರ್ಮಿಕರ ವಸತಿಗಳು ಕೈಗಾರಿಕಾ ಪ್ರದೇಶದಲ್ಲಿ, ಇನ್ನೂ ದೂರದ ಅಲ್ ಖೋರ್‌ನಲ್ಲಿ. ಬೇಸಿಗೆಯ ಬಿಸಿಲು 45 ಡಿಗ್ರಿ ದಾಟುತ್ತದೆ. ವಾರಕ್ಕೊಂದೇ ರಜೆ, ಅಂದೇ ಬಟ್ಟೆ ಒಗೆಯಬೇಕು, ಊರಿಗೆ ಮಾತಾಡಬೇಕು, ನಿದ್ದೆಯನ್ನೂ ಮಾಡಬೇಕು. ಅದರಲ್ಲಿ ಅರ್ಧ ದಿನ ಕೊಟ್ಟು ಬಂದವನಿಗೆ ಕೈಕುಲುಕಿ "ಮುಂದಿನ ವಾರವೂ ಬನ್ನಿ" ಎಂದರೆ ಸಾಲದು. ನಾವು ಸೇರುವ ಸಭೆಯಲ್ಲಿ ಹಿರಿಯರ ಮುಖ್ಯ ಕೆಲಸವೇ ಗುರುವಾರ ರಾತ್ರಿ ಯಾರ ಕಾರಿನಲ್ಲಿ ಯಾರು ಎಂಬ ಪಟ್ಟಿ ಬರೆಯುವುದು. ಪ್ರಸಂಗಕ್ಕಿಂತ ಆ ಪಟ್ಟಿಯೇ ಹೆಚ್ಚು ಜನರನ್ನು ದೇವರ ಹತ್ತಿರ ತಂದಿದೆ ಎಂದು ನಾನು ನಂಬುತ್ತೇನೆ.

ಇಲ್ಲಿ ಮುಸ್ಲಿಮರ ನಡುವೆ ಮತಪ್ರಚಾರಕ್ಕೆ ಕಾನೂನಿನ ನಿಷೇಧವಿದೆ. ಸಭೆ ಅದನ್ನು ಗೌರವದಿಂದ ಪಾಲಿಸುತ್ತದೆ. ಹಾಗೆಂದು ಕ್ರೈಸ್ತರು ಈ ಕೊಲ್ಲಿಗೆ ಹೊಸಬರೇನಲ್ಲ. 1889ರಲ್ಲಿ ಶುರುವಾದ ಅಮೆರಿಕದ ಅರೇಬಿಯನ್ ಮಿಷನ್, ಪ್ರೆಸ್ಬಿಟೇರಿಯನ್ನರ ದಾಯಾದಿಗಳಾದ ರಿಫಾರ್ಮ್ಡ್ ಸಭೆಯವರದು. 1903ರಲ್ಲಿ ಬಹರೇನಿನಲ್ಲಿ ಆಸ್ಪತ್ರೆ ತೆರೆದರು. 1940ರ ದಶಕದಲ್ಲಿ ಅವರ ವೈದ್ಯರು ದೋಹಾಕ್ಕೂ ಬಂದು ದುಡಿದರು. ಅದಕ್ಕೂ ಹಿಂದೆ, 7ನೇ ಶತಮಾನದಲ್ಲಿ, ಈ ಕರಾವಳಿಯನ್ನು ಸಿರಿಯಾಕ್ ಭಾಷೆಯಲ್ಲಿ ಬೇತ್ ಕತ್ರಾಯೆ ಎನ್ನುತ್ತಿದ್ದರು. ದೊಡ್ಡ ಧ್ಯಾನಿ, ನಿನೆವೆಯ ಐಸಾಕ ಹುಟ್ಟಿದ್ದು ಆ ಸೀಮೆಯಲ್ಲಿ. ಮಕ್ಕಳ ತರಗತಿಯಲ್ಲಿ ಇದನ್ನು ಹೇಳಿದರೆ ಅವರ ಕಣ್ಣು ಅರಳುತ್ತದೆ.

ಹಿರಿಯರ ಕೆಲಸ ಏನೆಂದು ನಾನು ಪೂರ್ತಿ ಕಂಡದ್ದು ಒಂದು ಸಾವಿನಲ್ಲಿ. ಹುಬ್ಬಳ್ಳಿ ಕಡೆಯ ಎಲೆಕ್ಟ್ರಿಷಿಯನ್ ಒಬ್ಬ ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ದೇಹ ಹಮದ್ ಆಸ್ಪತ್ರೆಯ ಶವಾಗಾರದಲ್ಲಿ. ಪೊಲೀಸರ ಕಾಗದ, ಮರಣ ಪ್ರಮಾಣಪತ್ರ, ಪಾಸ್‌ಪೋರ್ಟ್ ರದ್ದು ಮಾಡಿಸಿ ರಾಯಭಾರ ಕಚೇರಿಯ ಒಪ್ಪಿಗೆ, ದೇಹ ಕೆಡದಂತೆ ಮದ್ದು, ವಿಮಾನದ ಸರಕು ವಿಭಾಗ. ಒಂದೊಂದಕ್ಕೂ ಒಂದೊಂದು ಕಿಟಕಿ. ರಾಯಭಾರ ಕಚೇರಿಯ ಆಶ್ರಯದಲ್ಲಿ ಭಾರತೀಯರಿಗೆ ನೆರವಾಗುವ ಐಸಿಬಿಎಫ್‌ ಸಂಸ್ಥೆಯ ಸ್ವಯಂಸೇವಕರು ದಾರಿ ತೋರಿಸಿದರು. ನಮ್ಮ ಹಿರಿಯರಿಬ್ಬರು ಕೆಲಸಕ್ಕೆ ರಜೆ ಹಾಕಿ ಓಡಾಡಿದರು. ಅವನ ಹೆಂಡತಿಯೊಡನೆ ದಿನಾ ರಾತ್ರಿ ಫೋನಿನಲ್ಲಿ ಮಾತಾಡಿದ್ದು ಕೇರಳದ ಒಬ್ಬ ನರ್ಸ್, ತನಗೆ ಬರುವ ಹರಕು ಕನ್ನಡದಲ್ಲಿ. ಸತ್ತವನು ನಮ್ಮ ಸಭೆಯ ದಾಖಲೆ ಪುಸ್ತಕದಲ್ಲಿ ಇರಲೇ ಇಲ್ಲ. ಎರಡು ಸಲ ಬಂದಿದ್ದನಷ್ಟೆ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಮಸೀದಿಗಳ ಜೊತೆ ನಮ್ಮ ಗೇಟೂ ಮುಚ್ಚಿತು. ಕಾರಿನ ಪಟ್ಟಿ ಫೋನಿನ ಪಟ್ಟಿಯಾಯಿತು. ಯಾರಿಗೆ ಸಂಬಳ ನಿಂತಿದೆ, ಯಾರ ಕೋಣೆಯಲ್ಲಿ ಅಕ್ಕಿ ಮುಗಿದಿದೆ ಎಂಬುದು ಹಿರಿಯರಿಗೆ ಆ ಪಟ್ಟಿಯಿಂದಲೇ ತಿಳಿಯಿತು.

ಬೀದರಿನ ಹುಡುಗ ಮತ್ತೆ ಬಂದದ್ದು ನಾನು ಕರೆದದ್ದಕ್ಕಲ್ಲ. ಆ ಹಿರಿಯರೇ ಅವನ ಕ್ಯಾಂಪಿಗೆ ಹೋಗಿ, ಚಹಾ ಕುಡಿದು, ಕರೆತಂದರು. ಈಗ ಅವನು ನಮ್ಮ ಕಾರಿನವನು. ನಮ್ಮ ಮನೆಯಲ್ಲಿ ಕೀರ್ತನೆಯೆಂದರೆ ಬಾಸೆಲ್ ಮಿಷನ್ನಿನವರು ತಂದ ಜರ್ಮನ್ ರಾಗ, ನಾಲ್ಕು ದನಿ. ಅವನಿಗೆ ತಾಳ ಹಾಕಿ ಹಾಡುವ ಭಜನೆ. ಸಾಲ್ವಾ ರಸ್ತೆಯುದ್ದಕ್ಕೂ ಡ್ಯಾಶ್‌ಬೋರ್ಡ್ ತಟ್ಟುತ್ತ ಹಾಡುತ್ತಾನೆ, ಹಿಂದಿನ ಸೀಟಿನಲ್ಲಿ ಮಗಳು ಚಪ್ಪಾಳೆ ಹಾಕುತ್ತಾಳೆ. ಗೇಟು ಕಂಡೊಡನೆ ಹಾಡು ನಿಲ್ಲಿಸಿ, ಜೇಬಿನಿಂದ ಗುರುತಿನ ಚೀಟಿ ತೆಗೆದು, ನಮ್ಮದನ್ನೂ ಕೇಳಿ ಪಡೆದು, ಒಟ್ಟಿಗೆ ಕಿಟಕಿಯಾಚೆ ಹಿಡಿಯುತ್ತಾನೆ.