ನೀಲಿ ಪಂಪ್ ಒಂದನ್ನೇ ನಂಬಬೇಡ

ಸಹನಾ,

ನಿನ್ನ ಬೆಕ್ಕಿನ ಉಬ್ಬಸಕ್ಕೆ ಡಾಕ್ಟರು ಬರೆದುಕೊಟ್ಟ ಸ್ಟೆರಾಯ್ಡ್ ಪಂಪ್ ಡ್ರಾಯರ್ ಸೇರಿದೆಯಂತೆ. ಬೆಕ್ಕು ಕೆಮ್ಮಿದಾಗೆಲ್ಲ ನೀಲಿ ಪಂಪ್ ಒತ್ತಿ ಸುಮ್ಮನಾಗುತ್ತೀಯಂತೆ. ನಿನ್ನಮ್ಮ ಫೋನಿನಲ್ಲಿ ಹೇಳಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ನಿನ್ನ ಬೆಕ್ಕು, ನಿನ್ನ ತೀರ್ಮಾನ, ಒಪ್ಪಿದೆ. ಆದರೆ ಅಜ್ಜನ ಕತೆ ಕೇಳಿಕೊಂಡು ತೀರ್ಮಾನಿಸು.

ನೀನು ಕಂಡದ್ದು ಆರಾಮಾಗಿ ಎಲೆಯಡಿಕೆ ಮೆಲ್ಲುತ್ತಿದ್ದ ಅಜ್ಜನನ್ನು. ನಾವು ಕಂಡ ಅಪ್ಪ ಬೇರೆ. ಅಡಿಕೆ ಬೇಯಿಸುವ ಕಾಲ ಬಂತೆಂದರೆ ಒಲೆಯ ಹೊಗೆಗೆ ಉಬ್ಬಸ ಕೆರಳಿ, ರಾತ್ರಿಯಿಡೀ ಜಗಲಿಯಲ್ಲಿ ಕೂತಿರುತ್ತಿದ್ದರು. ಮೊಣಕೈ ತೊಡೆಗೆ ಊರಿ, ಕುತ್ತಿಗೆ ಮುಂದೆ ಚಾಚಿ. ಒಳಗೆ ಮಲಗಿದ ನಮಗೆ ಆ ಸುಯ್ ಸುಯ್ ಕೇಳುತ್ತಿತ್ತು. ಆಡುಸೋಗೆ ಕಷಾಯ ಆಯಿತು, ಮೀನು ನುಂಗಿಸುವವರ ಹತ್ತಿರ ಹೋಗಿಬಂದದ್ದೂ ಆಯಿತು. ಕೊನೆಗೆ ಅಸ್ತಾಲಿನ್ ಎಂಬ ನೀಲಿ ಪಂಪ್ ಬಂತು. ಎಳೆದ ಕೆಲವೇ ನಿಮಿಷಕ್ಕೆ ಎದೆ ಹಗುರ! ಜೊತೆಗೆ ಕೊಟ್ಟಿದ್ದ, ದಿನವೂ ಎಳೆಯಬೇಕಾದ ಸ್ಟೆರಾಯ್ಡ್ ಪಂಪನ್ನು ಮುಟ್ಟಲಿಲ್ಲ. 'ಚಟ ಹತ್ತುತ್ತೆ' ಎಂದು ಯಾರೋ ತಲೆಗೆ ತುಂಬಿದ್ದರು. ಒಂದು ಆಷಾಢದ ರಾತ್ರಿ ನೀಲಿ ಪಂಪಿಗೂ ಬಗ್ಗದೆ ತುಟಿ ಕಪ್ಪಿಟ್ಟಾಗ ಜೀಪಿನಲ್ಲಿ ಶಿವಮೊಗ್ಗಕ್ಕೆ ಹೊತ್ತೊಯ್ದೆವು. ಡಾಕ್ಟರು ಅಪ್ಪನನ್ನು ಚೆನ್ನಾಗಿ ಬೈದು ತಿಳಿಸಿದರು: ನೀಲಿ ಪಂಪಿನ ಸಾಲ್ಬ್ಯುಟಮಾಲ್ ಬಿಗಿದ ಶ್ವಾಸನಾಳವನ್ನು ಕೆಲವು ಗಂಟೆ ಸಡಿಲಿಸುತ್ತದೆ ಅಷ್ಟೆ, ಒಳಗಿನ ಊತ ಇಳಿಸುವುದು ಸ್ಟೆರಾಯ್ಡ್.

ಬೆಕ್ಕಿನದೂ ಇದೇ ಲೆಕ್ಕ. ನಿನ್ನ ವಿಡಿಯೋದಲ್ಲಿ ಅದು ನೆಲಕ್ಕೆ ಕುಕ್ಕರಿಸಿ, ಮೊಣಕೈ ಹೊರಚಾಚಿ, ಕತ್ತು ನೀಡಿ ಕೆಮ್ಮಿದ್ದು ಥೇಟ್ ಅಪ್ಪನೇ! ನೀನೋ, ಹೊಟ್ಟೆಯಲ್ಲಿ ಕೂದಲುಂಡೆ ಎಂದು ತಿಂಗಳುಗಟ್ಟಲೆ ಕಾದೆ. ಓದಿದವಳು ನೀನು! ನೀಲಿ ಪಂಪನ್ನೇ ದಿನಾ ಒತ್ತುತ್ತಿದ್ದರೆ ಬೆಕ್ಕಿನ ಶ್ವಾಸನಾಳದ ಊತ ಇನ್ನಷ್ಟು ಹೆಚ್ಚಬಹುದು. ಸ್ಟೆರಾಯ್ಡ್ ಪಂಪಿನಲ್ಲಿರುವ ಫ್ಲುಟಿಕಾಸೋನ್ ಪೂರ್ತಿ ಕೆಲಸ ಮಾಡಲು ಒಂದೆರಡು ವಾರ ಬೇಕು. ಅದಕ್ಕೇ ಡಾಕ್ಟರು ಜೊತೆಗೆ ಪ್ರೆಡ್ನಿಸೋಲೋನ್ ಮಾತ್ರೆ ಕೊಟ್ಟಿರುವುದು. ಅದನ್ನೂ ನೀನಾಗಿ ನಿಲ್ಲಿಸಬೇಡ, ಅವರು ಹೇಳಿದ ಹಾಗೆ ಇಳಿಸುತ್ತ ಬಾ. ಮಾತ್ರೆಯನ್ನೇ ವರ್ಷಗಟ್ಟಲೆ ಕೊಟ್ಟರೆ ಬೆಕ್ಕಿಗೆ ಸಕ್ಕರೆ ಕಾಯಿಲೆ ಬರುವ ಭಯವಿದೆ. ಪಂಪಿನ ಮದ್ದು ಹೆಚ್ಚಾಗಿ ಶ್ವಾಸಕೋಶದಲ್ಲೇ ಕೆಲಸ ಮಾಡುತ್ತದೆ.

ಪಂಪಿನ ಮಾಸ್ಕ್ ಕಂಡರೆ ಬೆಕ್ಕು ಓಡುತ್ತದೆ ಎಂದೆಯಂತೆ. ಓಡದೆ ಇನ್ನೇನು! ಮೊದಲು ಕೆಲವು ದಿನ ಪಂಪಿಲ್ಲದೆ ಬರೀ ಮಾಸ್ಕ್ ತೋರಿಸು, ಅದರ ಅಂಚಿಗೆ ಬೆಕ್ಕಿಗಿಷ್ಟವಾದದ್ದನ್ನು ಸವರಿ ನೆಕ್ಕಿಸು. ಆಮೇಲೆ ಪಂಪ್ ಕುಲುಕಿ, ಸ್ಪೇಸರ್ ಕೊಳವೆಗೆ ಸಿಕ್ಕಿಸಿ, ಮೂಗು ಬಾಯಿ ಮುಚ್ಚುವಂತೆ ಮಾಸ್ಕ್ ಹಿಡಿದು ಒತ್ತು. ಏಳರಿಂದ ಹತ್ತು ಉಸಿರು ಎಣಿಸು. ಮುಖಕ್ಕೆ ನೇರ ಹೊಡೆದರೆ ಮದ್ದು ಒಳಗೆ ಹೋಗುವುದಿಲ್ಲ, ಬೆಕ್ಕು ಮಾತ್ರ ಹೆದರುತ್ತದೆ. ಬಾಯಿ ತೆರೆದು ಉಸಿರಾಡಿದರೆ ಡಾಕ್ಟರು ಹೇಳಿದಷ್ಟು ನೀಲಿ ಪಂಪ್ ಕೊಟ್ಟು ತಕ್ಷಣ ಆಸ್ಪತ್ರೆಗೆ ಓಡು.

ನಿನ್ನ ಮನೆಯಲ್ಲಿ ನಾಯಿಯೂ ಇದೆಯಲ್ಲ, ನನ್ನ ಭಯ ಅದೇ. ನಮ್ಮ ಪಕ್ಕದ ಮನೆ ನಾಯಿ ಮಂಚದಡಿ ಬಿದ್ದಿದ್ದ ನೀಲಿ ಪಂಪ್ ಕಚ್ಚಿ ತೂತು ಮಾಡಿತ್ತು. ಅದರಲ್ಲಿರುವುದು 200 ಪಫ್, ಇದ್ದಷ್ಟೂ ಒಟ್ಟಿಗೆ ಬಾಯಿಗೆ. ಎದೆ ಡವಗುಟ್ಟಿ, ಮೈ ನಡುಗಿ, ನಿಲ್ಲಲಾರದೆ ಬಿತ್ತು. ಹೀಗಾದಾಗ ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತವೇ ತಪ್ಪಬಹುದು. ಕೂಡಲೇ ಒಯ್ದದ್ದಕ್ಕೆ ಉಳಿಯಿತು. ಪಂಪನ್ನು ಬಾಗಿಲಿರುವ ಎತ್ತರದ ಕಪಾಟಿನಲ್ಲಿಡು, ಹ್ಯಾಂಡ್‌ಬ್ಯಾಗಿನಲ್ಲಲ್ಲ. ನಾಯಿ ಕೆಮ್ಮಿದರೆ ಬೆಕ್ಕಿನ ಪಂಪ್ ಅದಕ್ಕೆ ಹಿಡಿಯಲೂ ಬೇಡ. ಅದರ ಕೆಮ್ಮಿನ ಕಾರಣ ಸಾಮಾನ್ಯವಾಗಿ ಬೇರೆಯೇ ಇರುತ್ತದೆ.

ತುಂಬ ಬೈದೆನೇನೋ. ರಾತ್ರಿ ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಎಚ್ಚರವಾಗಿರುತ್ತೀಯೆಂದೂ ನಿನ್ನಮ್ಮ ಹೇಳಿದಳು. ಸ್ಪೇಸರಿನ ದುಡ್ಡು ನಾನು ಕಳಿಸುತ್ತೇನೆ, ಬೇಡ ಅನ್ನಬೇಡ. ದೀಪಾವಳಿಗೆ ಬೆಕ್ಕನ್ನು ಇಲ್ಲಿಗೆ ತರಬೇಡ, ಪಟಾಕಿ ಹೊಗೆ. ಯುಗಾದಿಗೆ ಬಾ, ಊದುಬತ್ತಿ, ಸೊಳ್ಳೆ ಬತ್ತಿ ಎಲ್ಲ ಹೊರಗಿಟ್ಟಿರುತ್ತೇನೆ.

ಇತಿ,
ದೊಡ್ಡಮ್ಮ