ಕಾಲಿನ್ ಚಾಪ್ಮನ್: ಹಗುರ ಕಾರು, ಭಾರದ ಲೆಕ್ಕ

ವೇಗದ ಕಾರು ಎಂದ ಕೂಡಲೇ ಎಲ್ಲರ ಬಾಯಲ್ಲಿ ಬರುವ ಹೆಸರು ಫೆರಾರಿ. ಆದರೆ ವಾಣಿಜ್ಯ ವಿದ್ಯಾರ್ಥಿಗಳು ತಿಳಿಯಬೇಕಾದ ಇನ್ನೊಂದು ಹೆಸರಿದೆ. ಅದು ಇಂಗ್ಲೆಂಡಿನ ಲೋಟಸ್ ಕಂಪನಿಯ ಸ್ಥಾಪಕ ಕಾಲಿನ್ ಚಾಪ್ಮನ್. 1928ರಲ್ಲಿ ಜನಿಸಿದ ಅವರು 1982ರ ಡಿಸೆಂಬರ್ 16ರಂದು, ತಮ್ಮ 54ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದರು.

ಬಂಡವಾಳ

ಲಂಡನ್ನಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗಲೇ ಚಾಪ್ಮನ್ ಹಳೆಯ ಕಾರುಗಳನ್ನು ಕೊಂಡು ಮಾರುತ್ತಿದ್ದರು. 1947ರಲ್ಲಿ ಸರ್ಕಾರ ಸಾಮಾನ್ಯ ಜನರ ಪೆಟ್ರೋಲ್ ಪಡಿತರವನ್ನು ನಿಲ್ಲಿಸಿತು. ಕಾರುಗಳ ಬೆಲೆ ಕುಸಿದು ಅವರಿಗೆ ನಷ್ಟವಾಯಿತು. ಮಾರಾಟವಾಗದೆ ಉಳಿದ ಒಂದು ಆಸ್ಟಿನ್ ಸೆವೆನ್ ಕಾರನ್ನೇ ಬಿಚ್ಚಿ ಮೊದಲ ಲೋಟಸ್ ಕಟ್ಟಿದರು. 1952ರಲ್ಲಿ ಕಂಪನಿ ಶುರುವಾದದ್ದು, ಮುಂದೆ ಅವರ ಪತ್ನಿಯಾದ ಹೇಜಲ್ ಕೊಟ್ಟ 25 ಪೌಂಡ್ ಸಾಲದಿಂದ.

ತೂಕ

ವೇಗ ಬೇಕಾದರೆ ದೊಡ್ಡ ಇಂಜಿನ್ ಹಾಕುವುದು ಒಂದು ದಾರಿ. ಚಾಪ್ಮನ್ ತೂಕ ಇಳಿಸಿದರು. ಹಗುರವಾದ ಕಾರು ಬೇಗ ಓಡುತ್ತದೆ, ಬೇಗ ನಿಲ್ಲುತ್ತದೆ, ತಿರುವಿನಲ್ಲೂ ಚುರುಕು. 1962ರ ಲೋಟಸ್ 25 ಕಾರಿನಲ್ಲಿ ಕೊಳವೆಗಳ ಚೌಕಟ್ಟನ್ನೇ ತೆಗೆದು, ಹೊರಮೈಯ ತಗಡೇ ಭಾರ ಹೊರುವಂತೆ ಮಾಡಿದರು. ಮರುವರ್ಷ ಜಿಮ್ ಕ್ಲಾರ್ಕ್ ಅದರಲ್ಲಿ ವಿಶ್ವ ಚಾಂಪಿಯನ್ ಆದರು. ಚಾಪ್ಮನ್ ಬದುಕಿದ್ದಾಗ ಲೋಟಸ್ 7 ಬಾರಿ ಫಾರ್ಮುಲಾ ಒನ್ ತಯಾರಕರ ಪ್ರಶಸ್ತಿ ಗೆದ್ದಿತು. ಹಗುರ ಮಾಡುವ ಹಟದಲ್ಲಿ ಓಟದ ನಡುವೆ ಬಿಡಿಭಾಗ ಮುರಿದದ್ದೂ ಉಂಟು.

ತೆರಿಗೆ

ಆಗ ಬ್ರಿಟನ್ನಿನಲ್ಲಿ ತಯಾರಾದ ಕಾರಿಗೆ ಖರೀದಿ ತೆರಿಗೆ ಇತ್ತು. ಬಿಡಿಭಾಗ ಕೊಂಡು ತಾವೇ ಜೋಡಿಸಿಕೊಂಡರೆ ಇರಲಿಲ್ಲ. 1957ರ ಲೋಟಸ್ ಸೆವೆನ್ ಕಾರನ್ನು ಚಾಪ್ಮನ್ ಬಿಡಿಭಾಗಗಳಾಗಿಯೂ ಮಾರಿದರು. ಕಡಿಮೆ ಆದಾಯದ ಯುವಕರಿಗೂ ಕಾರು ಕೈಗೆಟುಕಿತು. ಇದು ಕಾನೂನಿನೊಳಗಿನ ತೆರಿಗೆ ಯೋಜನೆ, ವಂಚನೆಯಲ್ಲ.

ಲೆಕ್ಕ

ಶ್ರದ್ಧಾಂಜಲಿಯಲ್ಲಿ ಇದನ್ನು ಬರೆಯಬೇಕೇ ಎಂದು ಯೋಚಿಸಿದೆ. ಬರೆಯದಿದ್ದರೆ ಪಾಠ ಅರ್ಧವಾಗುತ್ತದೆ. ಬ್ರಿಟಿಷ್ ಸರ್ಕಾರದ ಹಣ ಪಡೆದಿದ್ದ ಡೆಲೋರಿಯನ್ ಕಂಪನಿಯ ಕಾರನ್ನು ರೂಪಿಸುವ ಕೆಲಸ ಲೋಟಸ್‌ಗೆ ಬಂದಿತ್ತು. ಅದಕ್ಕೆಂದು ಕೊಟ್ಟ ಹಣದಲ್ಲಿ ದೊಡ್ಡ ಮೊತ್ತ ಲೋಟಸ್‌ಗೆ ಸೇರದೆ ಬೇರೆ ಕಡೆ ಹೋಯಿತು. 1992ರಲ್ಲಿ ಲೋಟಸ್‌ನ ಹಣಕಾಸು ನಿರ್ದೇಶಕರಾಗಿದ್ದ ಫ್ರೆಡ್ ಬುಶೆಲ್ ಅವರಿಗೆ 3 ವರ್ಷ ಜೈಲಾಯಿತು. ಚಾಪ್ಮನ್ ಕಟಕಟೆಯಲ್ಲಿದ್ದಿದ್ದರೆ ಕನಿಷ್ಠ 10 ವರ್ಷ ವಿಧಿಸುತ್ತಿದ್ದೆ ಎಂಬರ್ಥದ ಮಾತನ್ನು ನ್ಯಾಯಾಧೀಶರು ಆಡಿದರು. ಆದರೆ ಉತ್ತರ ಹೇಳಲು ಚಾಪ್ಮನ್ ಬದುಕಿರಲಿಲ್ಲ.

ವ್ಯವಹಾರ ಬೇರೆ, ಮಾಲೀಕ ಬೇರೆ ಎಂಬುದನ್ನು ನಾವು ಲೆಕ್ಕಶಾಸ್ತ್ರದ ಆರಂಭದಲ್ಲೇ ಓದುತ್ತೇವೆ. ಪರೀಕ್ಷೆಯಲ್ಲಿ ಅದು ಎರಡು ಅಂಕದ ಪ್ರಶ್ನೆ. ಕನ್ನಡದಲ್ಲಿ ‘ಅಮಾನತು’ ಎಂದರೆ ಕೆಲಸದಿಂದ ತಾತ್ಕಾಲಿಕವಾಗಿ ದೂರವಿಡುವುದು. ನಮ್ಮ ಮನೆಯ ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ ವಸ್ತು. ಸಾರ್ವಜನಿಕರ ಹಣ ಅಂಥ ಅಮಾನತ್.

ನಷ್ಟದಲ್ಲಿ ಉಳಿದ ಹಳೆಯ ಕಾರಿನಿಂದ ಜಗತ್ತು ಗೆಲ್ಲುವ ಕಾರು ಕಟ್ಟಿದ ಚಾಪ್ಮನ್ ಅವರಿಗೆ ನನ್ನ ಗೌರವವಿದೆ. ಅವರ ಕಾರುಗಳಿಂದ ಬೇಡದ ಭಾರ ತೆಗೆಯುವುದನ್ನು ಕಲಿಯೋಣ. ಆ ಮೊಕದ್ದಮೆಯಿಂದ, ಏನನ್ನು ತೆಗೆಯಬಾರದು ಎಂಬುದನ್ನೂ ಕಲಿಯೋಣ.